ನಾಗರಬೆತ್ತಕ್ಕೆ ಕಾನೂನಿನ ಕಡಿವಾಣ

ಮೇಷ್ಟ್ರ ಕೈಯಲ್ಲಿ ನಾಗರಬೆತ್ತ ಇರಲೇಬೇಕೆಂಬುದು ಒಂದು ಕಾಲಕ್ಕೆ ಯಾರೂ ಪ್ರಶ್ನಿಸದ ಮಾತು. ಕೂಲಿಮಠದ ಐಗಳು ಪಾಠ ಒಪ್ಪಿಸದ ಹುಡುಗನನ್ನು ‘ಕೋದಂಡ’ಕ್ಕೆ ಏರಿಸುತ್ತಿದ್ದರು. ಜಂತಿಯ ಹಗ್ಗಕ್ಕೆ ನೇತುಹಾಕುವ ಶಿಕ್ಷೆ ಅದು. ಮುಂದೆ ಸರ್ಕಾರಿ ಶಾಲೆಗಳು ಬಂದವು, ಕೋದಂಡ ಮರೆಯಾಯಿತು. ಬೆತ್ತ, ಬಸ್ಕಿ, ಕಿವಿ ಹಿಂಡುವುದು ಉಳಿದವು. ‘ಮಾತು ಕೇಳದಿದ್ದರೆ ನಾಲ್ಕು ಬಿಗೀರಿ ಮೇಷ್ಟ್ರೆ’ ಎಂದು ಹೇಳಿ ಹೋಗುವ ಅಪ್ಪಂದಿರಿಗೂ ಕೊರತೆ ಇರಲಿಲ್ಲ.

ಈ ರೂಢಿಯ ಬೆನ್ನಿಗೆ ಕಾನೂನೂ ಇತ್ತು. ಶಾಲೆಯಲ್ಲಿ ಶಿಕ್ಷಕನೇ ತಂದೆಯ ಸ್ಥಾನದಲ್ಲಿರುತ್ತಾನೆ, ಆದ್ದರಿಂದ ಮಿತವಾಗಿ ದಂಡಿಸಬಹುದು ಎಂಬುದು ಇಂಗ್ಲೆಂಡಿನ ನ್ಯಾಯಪದ್ಧತಿ ಒಪ್ಪಿಕೊಂಡಿದ್ದ ತತ್ವ. 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ ಕೆಲಸ ಅಪರಾಧವಲ್ಲ ಎಂದು 1860ರ ಭಾರತೀಯ ದಂಡ ಸಂಹಿತೆಯ 89ನೇ ಕಲಂ ಹೇಳಿತು. ಹೊಡೆದ ಶಿಕ್ಷಕರಿಗೆ ಅದು ಆಸರೆಯಾಯಿತು.

ಆ ತತ್ವವನ್ನು ಕೊಟ್ಟ ದೇಶವೇ ನಮಗಿಂತ ಮೊದಲು ಅದನ್ನು ಕೈಬಿಟ್ಟಿತು. 1986ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆ ಸರ್ಕಾರಿ ಶಾಲೆಗಳಲ್ಲಿ ಬೆತ್ತವನ್ನು ನಿಷೇಧಿಸಲು ಒಪ್ಪಿತು. ಪರವಾಗಿ 231 ಮತ, ವಿರುದ್ಧ 230.

ನಮ್ಮಲ್ಲಿ 2000ದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ದೈಹಿಕ ಶಿಕ್ಷೆಗೆ ಅವಕಾಶವಿದ್ದ ಅಲ್ಲಿನ ಶಾಲಾ ನಿಯಮವನ್ನು ರದ್ದುಪಡಿಸಿತು. ರಾಷ್ಟ್ರಮಟ್ಟದ ನಿಷೇಧ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. 2010ರ ಏಪ್ರಿಲ್ 1ರಂದು ಜಾರಿಯಾದ ಈ ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಪ್ಪ ಒಪ್ಪಿದರೆ ಹೊಡೆಯಬಹುದು ಎಂಬ ವಿನಾಯಿತಿ ಅದರಲ್ಲಿಲ್ಲ.

ಆದರೆ ಈ ರಕ್ಷಣೆಗೆ ವಯಸ್ಸಿನ ಬೇಲಿಯಿದೆ. ಕಾಯ್ದೆ 6ರಿಂದ 14 ವರ್ಷದವರಿಗೆ ಸಂಬಂಧಿಸಿದ್ದು. ಅಂಗನವಾಡಿಯ 4 ವರ್ಷದ ಕಂದ, ಎಸ್ಸೆಸ್ಸೆಲ್ಸಿಯ 15ರ ಹುಡುಗಿ ಬೇಲಿಯ ಆಚೆ ಉಳಿಯುತ್ತಾರೆ. ತಪ್ಪಿತಸ್ಥರ ಮೇಲೆ ಆ ಕಲಂ ಹೇಳುವುದೂ ಸೇವಾ ನಿಯಮದಂತೆ ಶಿಸ್ತುಕ್ರಮವನ್ನು ಮಾತ್ರ.

ಆಗ ನೆರವಿಗೆ ಬರುವುದು 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುವ 2015ರ ಬಾಲನ್ಯಾಯ ಕಾಯ್ದೆ. ಮಕ್ಕಳ ಹೊಣೆ ಹೊತ್ತ ಸಂಸ್ಥೆಯ ನೌಕರ ಮಗುವಿನ ಮೇಲೆ ಕ್ರೌರ್ಯ ಎಸಗಿದರೆ 5 ವರ್ಷದವರೆಗೆ ಕಠಿಣ ಸಜೆ ವಿಧಿಸಬಹುದು. ಬಾಲಮಂದಿರದಂಥ ಪಾಲನಾ ಸಂಸ್ಥೆಗಳಲ್ಲಿ ಶಿಸ್ತಿನ ಹೆಸರಿನಲ್ಲಿ ಹೊಡೆದರೆ ಮೊದಲ ಬಾರಿಗೆ 10,000 ರೂಪಾಯಿ ದಂಡ. ಮತ್ತೆ ಹೊಡೆದರೆ 3 ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ.

ಇಷ್ಟಾದರೂ 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 1860ರ ಆ ‘ಸದುದ್ದೇಶ’ದ ಕಲಂ ಹಾಗೆಯೇ ಉಳಿದಿದೆ. ಒಂದು ಕಾನೂನು ಬೆತ್ತವನ್ನು ಕಸಿದುಕೊಂಡಿದೆ, ಇನ್ನೊಂದು ಅದಕ್ಕೆ ನೆಪವನ್ನು ಉಳಿಸಿಕೊಟ್ಟಿದೆ. ಈ ನಡುವೆ ಏಟು ತಿಂದ ಮಗುವಿಗೆ ಗೊತ್ತಿರಬೇಕಾದದ್ದು ಒಂದು ಸಂಖ್ಯೆ: 1098, ಮಕ್ಕಳ ಸಹಾಯವಾಣಿ.