ಮೊಬೈಲಿಗೆ ಬರುವ ಗಾಳದ ಸಂದೇಶ: ಗುರುತಿಸುವ ಬಗೆ ಮತ್ತು ಹತೋಟಿ

ಬಿತ್ತನೆ ಬೀಜ ಕೊಳ್ಳುವಾಗ ತಿಳಿವಳಿಕೆಯುಳ್ಳ ರೈತರು ಮೊದಲು ಚೀಲಕ್ಕೆ ಹೊಲಿದ ಚೀಟಿಯನ್ನು ನೋಡುತ್ತಾರೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರಬೇಕೆಂಬುದು ಅವರಿಗೆ ಗೊತ್ತು. ಮಾರುವವನ ಮಾತು ಎಷ್ಟೇ ಸಿಹಿಯಾಗಿದ್ದರೂ ಚೀಟಿ ಓದದೆ ಹಣ ಕೊಡುವುದಿಲ್ಲ. ಮೊಬೈಲಿಗೆ ಬರುವ ಸಂದೇಶಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಈಗ ಅವಶ್ಯವಾಗಿದೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕಬ್ಬಿನ ಬಿಲ್ಲಾಗಲಿ, ನಿಪ್ಪಾಣಿಯ ತಂಬಾಕಿನ ಹಣವಾಗಲಿ, ಸರಕಾರದ ಸಹಾಯಧನವಾಗಲಿ ಇಂದು ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ಆ ಖಾತೆಯ ಕೀಲಿ ಮೊಬೈಲಿನಲ್ಲಿದೆ. ಆದ್ದರಿಂದ ಕಳ್ಳನು ಮನೆಯವರೆಗೆ ಬರಬೇಕಾಗಿಲ್ಲ, ಒಂದು ಸಂದೇಶ ಕಳಿಸಿದರೆ ಸಾಕು.

ಗಾಳ ಹಾಕುವ ಬಗೆ

ಇಂಥ ಮೋಸಕ್ಕೆ ಇಂಗ್ಲಿಷಿನಲ್ಲಿ ‘ಫಿಶಿಂಗ್’ ಎನ್ನುತ್ತಾರೆ, ಅಂದರೆ ಗಾಳ ಹಾಕುವುದು. ಮೀನಿಗೆ ತಕ್ಕ ಹುಳು ಸಿಕ್ಕಿಸುವಂತೆ, ಜನಕ್ಕೆ ತಕ್ಕ ಸಂದೇಶ ಬರೆಯುತ್ತಾರೆ. ಕಾಲೇಜಿನ ಸಿಬ್ಬಂದಿಗೆ ‘ನಿಮ್ಮ ಇ-ಮೇಲ್ ಖಾತೆ ಇಂದೇ ಮುಚ್ಚುತ್ತದೆ’, ವಿದ್ಯಾರ್ಥಿಗೆ ‘ವಿದ್ಯಾರ್ಥಿವೇತನ ಮಂಜೂರಾಗಿದೆ’, ರೈತನಿಗೆ ‘ಪಿಎಂ ಕಿಸಾನ್ ಕಂತು ನಿಂತಿದೆ’. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತುಗಳಲ್ಲಿ ಬರುತ್ತದೆ. ಕಂತಿನ ದಾರಿ ಕಾಯುವವರು ಬಹಳ ಇರುವುದರಿಂದಲೇ ಕಳ್ಳರು ಈ ಹೆಸರನ್ನು ಬಳಸುತ್ತಾರೆ.

ಲಕ್ಷಣಗಳು

1. ಅವಸರ ಅಥವಾ ಅಂಜಿಕೆ: ‘ಇಂದೇ ಮಾಡಿ, ಇಲ್ಲದಿದ್ದರೆ ಖಾತೆ ಬಂದ್’.

2. ಓಟಿಪಿ, ಪಿನ್, ಪಾಸ್‌ವರ್ಡ್ ಕೇಳುವುದು. ಯುಪಿಐದಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

3. ಹೆಸರಿನ ಕೊನೆಗೆ ‘ಎಪಿಕೆ’ ಎಂದಿರುವ ಕಡತ ಬರುವುದು. ಇದನ್ನು ಒತ್ತಿ ಕೂಡ್ರಿಸಿ, ಅದು ಕೇಳಿದ ಅನುಮತಿ ಕೊಟ್ಟರೆ, ಬ್ಯಾಂಕಿನಿಂದ ಬರುವ ಓಟಿಪಿಯನ್ನು ಅದೇ ಓದಿ ಕಳ್ಳನಿಗೆ ಮುಟ್ಟಿಸಬಲ್ಲದು.

ಇಂಥ ಕಡತ ಗೆಳೆಯರಿಂದ ಅಥವಾ ಊರಿನ ವಾಟ್ಸ್ಯಾಪ್ ಗುಂಪಿನಿಂದಲೂ ಬರಬಹುದು. ರೋಗ ತಗುಲಿದ ಬೀಜದ ತುಂಡು ಹೊಸ ಹೊಲಕ್ಕೆ ರೋಗ ಒಯ್ಯುವಂತೆ, ಕೆಟ್ಟ ಫೋನು ತನ್ನಷ್ಟಕ್ಕೆ ಬೇರೆಯವರಿಗೆ ಕಳಿಸುತ್ತದೆ. ನಮ್ಮ ಗಡಿ ಭಾಗದಲ್ಲಿ ಸಂದೇಶ ಕನ್ನಡ, ಮರಾಠಿ, ಹಿಂದಿ ಯಾವ ಭಾಷೆಯಲ್ಲಿಯೂ ಇರಬಹುದು. ಭಾಷೆ ಶುದ್ಧವಿದ್ದ ಮಾತ್ರಕ್ಕೆ ಸಂದೇಶ ಸಾಚಾ ಅಲ್ಲ.

ವಿಳಾಸ ಓದುವ ಕ್ರಮ

ಸರಕಾರದ ತಾಣದ ವಿಳಾಸ ಸಾಮಾನ್ಯವಾಗಿ ‘ಜಿಒವಿ ಡಾಟ್ ಐಎನ್’ ಎಂದು ಮುಗಿಯುತ್ತದೆ. ಬ್ಯಾಂಕುಗಳು ತಮ್ಮ ವಿಳಾಸವನ್ನು ‘ಬ್ಯಾಂಕ್ ಡಾಟ್ ಐಎನ್’ಗೆ ಬದಲಿಸಲು ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಈ ಅಕ್ಷರಗಳು ವಿಳಾಸದ ನಡುವೆ ಎಲ್ಲಿಯೋ ಇದ್ದರೆ ಸಾಲದು. ಆರಂಭದ ಜೋಡಿ ಓರೆಗೆರೆ ಬಿಟ್ಟು, ಮುಂದೆ ಬರುವ ಮೊದಲ ಒಂಟಿ ಓರೆಗೆರೆಯ ಹಿಂದೆಯೇ ಇರಬೇಕು. ಸಂಶಯವಿದ್ದರೆ ಸಂದೇಶದ ಕೊಂಡಿಯನ್ನು ಮುಟ್ಟದೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಬ್ಯಾಂಕಿನ ಶಾಖೆಯಲ್ಲಿ ಕೇಳಿರಿ. ಒಂದು ದಿನ ತಡವಾದರೆ ಕಂತು ಓಡಿಹೋಗುವುದಿಲ್ಲ.

ಹಣ ಹೋದರೆ ಮಾಡಬೇಕಾದುದು

1. ಕೂಡಲೇ ಆ ಫೋನಿನ ಇಂಟರ್‌ನೆಟ್ ಬಂದ್ ಮಾಡಿ, ಬೇರೊಂದು ಫೋನಿನಿಂದ 1930ಕ್ಕೆ ಕರೆ ಮಾಡಿರಿ. ಕದ್ದ ಹಣ ಖಾತೆಯಿಂದ ಖಾತೆಗೆ ಸಾಗುತ್ತಿರುತ್ತದೆ. ಯಾವುದಾದರೂ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ಮಾತ್ರ ತಡೆಹಿಡಿಯಲು ಸಾಧ್ಯ. ಆದ್ದರಿಂದ ಮೊದಲ ಒಂದೆರಡು ತಾಸು ಬಹು ಮುಖ್ಯ.

2. ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಿರಿ.

3. ಸಂದೇಶವನ್ನು ಅಳಿಸದೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿರಿ.

ಮೋಸ ಹೋದವರು ನಾಚಿಕೆಯಿಂದ ಮನೆಯಲ್ಲಿಯೂ ಹೇಳದೆ ಸುಮ್ಮನಿರುವುದುಂಟು. ಇದರಿಂದ ಕಳ್ಳನಿಗೆ ಮಾತ್ರ ಲಾಭ. ಓದಿದ ಸಿಬ್ಬಂದಿ, ವಿದ್ಯಾರ್ಥಿಗಳೂ ಈ ಗಾಳಕ್ಕೆ ಸಿಕ್ಕಿದ್ದಾರೆ. ಒಬ್ಬರ ಹೊಲದಲ್ಲಿ ಕೀಟ ಕಂಡಾಗ ನೆರೆಯವರಿಗೆ ತಿಳಿಸುವುದು ನಮ್ಮ ರೂಢಿ. ಹಾಗೆಯೇ ಇಂಥ ಸಂದೇಶ ಬಂದಾಗ ಊರವರಿಗೆ ತಿಳಿಸಿರಿ. ಕಾಲೇಜಿಗೆ ಹೋಗುವ ಮಕ್ಕಳು ರಜೆಗೆ ಬಂದಾಗ ಮನೆಯ ಹಿರಿಯರ ಪಕ್ಕ ಕುಳಿತು ಅವರ ಫೋನನ್ನು ಒಮ್ಮೆ ನೋಡಿಕೊಡಲಿ. ವರ್ಷದ ದುಡಿಮೆ ಉಳಿಸಲು ಇದಕ್ಕೆ ತಗಲುವ ಖರ್ಚು ಅರ್ಧ ತಾಸಿನ ಸಮಯ ಮಾತ್ರ.