ವಿಜಯನಾಥ ಶೆಣೈಯವರು ಉಳಿಸಿದ ಮನೆಗಳು

ಹಳೆಯ ಮನೆಯನ್ನು ಕೆಡವುವುದು ಒಂದೆರಡು ದಿನದ ಕೆಲಸ. ಪೀಣ್ಯದ ಮಗ್ಗುಲಲ್ಲಿರುವ ಲಗ್ಗೆರೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಚ್ಚಿದ ಮನೆಯನ್ನು ಮತ್ತೆ ಮೊದಲಿನಂತೆ ನಿಲ್ಲಿಸುವ ಛಲ ತೊಟ್ಟವರು ಮಣಿಪಾಲದ ವಿಜಯನಾಥ ಶೆಣೈಯವರು. ಇವರು ಅರಸರಲ್ಲ, ಜಮೀನ್ದಾರರಲ್ಲ, ಬ್ಯಾಂಕಿನ ನೌಕರರಾಗಿದ್ದವರು.

ಕರಾವಳಿಯಲ್ಲಿ ಕೂಡುಕುಟುಂಬಗಳು ಒಡೆದವು. 1974ರ ಭೂಸುಧಾರಣೆಯ ತರುವಾಯ ದೊಡ್ಡ ಮನೆಗಳನ್ನು ನೋಡಿಕೊಳ್ಳುವ ಶಕ್ತಿ ಅನೇಕರಿಗೆ ಉಳಿಯಲಿಲ್ಲ. ಕೆತ್ತನೆಯ ಕಂಬಗಳೂ ಬಾಗಿಲುವಾಡಗಳೂ ಬರಿಯ ಮರದ ಬೆಲೆಗೆ ಮಾರಾಟವಾಗತೊಡಗಿದವು. ಶೆಣೈಯವರು ಅಂತಹ ಮನೆಗಳನ್ನು ಅಳೆಸಿ, ನಕ್ಷೆ ಬರೆಸಿ, ಒಂದೊಂದು ತೊಲೆಗೂ ಗುರುತು ಹಾಕಿಸಿ ಬಿಚ್ಚಿಸಿದರು. ಮಣಿಪಾಲಕ್ಕೆ ಸಾಗಿಸಿ, ನುರಿತ ಬಡಗಿಗಳಿಂದ ಜೋಡಿಸಿದರು. ಗುರುತು ತಪ್ಪಿತೆಂದರೆ ಮನೆ ಹೋಗಿ ಸೌದೆಯ ರಾಶಿ!

1997ರಲ್ಲಿ ಹಸ್ತಶಿಲ್ಪ ಟ್ರಸ್ಟ್ ಸ್ಥಾಪನೆಯಾಯಿತು. ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲಮಹಲ್ ಈಗ ಒಂದೇ ಆವರಣದಲ್ಲಿವೆ. ಹುಟ್ಟಿದ ನೆಲದಿಂದ ಕಿತ್ತ ಮನೆ ಅರ್ಧ ಮನೆಯೆಂಬ ಆಕ್ಷೇಪವುಂಟು. ಅದು ಸುಳ್ಳಲ್ಲ. ಆದರೆ ಇದ್ದಲ್ಲಿಯೇ ಬಿಟ್ಟಿದ್ದರೆ ಆ ಅರ್ಧವೂ ಉಳಿಯುತ್ತಿತ್ತೆ? ದೂರದ ಲಿಥುವೇನಿಯಾ ದೇಶದ ರುಮ್‌ಶಿಶ್ಕೆಸ್‌ನಲ್ಲಿಯೂ ಹಳ್ಳಿಮನೆಗಳನ್ನು ಹೀಗೆಯೇ ತಂದು ನಿಲ್ಲಿಸಿದ್ದಾರೆ. ಆದರೆ ಅಲ್ಲಿ ಅದು ಸರ್ಕಾರದ ಕಾರ್ಯ, ಇಲ್ಲಿ ಒಬ್ಬ ಗೃಹಸ್ಥರ ಹಟದಿಂದ ಆರಂಭವಾದುದು.

ಶೆಣೈಯವರು 2017ರಲ್ಲಿ ತೀರಿಕೊಂಡರು. ಮನೆಗಳು ನಿಂತಿವೆ, ಮಣಿಪಾಲಕ್ಕೆ ಹೋದವರು ನೋಡಬಹುದು.