ಗ್ಯಾಸ್ ಒಲಿ: ಇಲಿ ಕಲಿಸಿದ ಪಾಠ

ಶೇಡಬಾಳದ ಎರಿ ಹೊಲದಲ್ಲಿ ಮಳಿ ನಂಬಿ ಜೋಳ, ಕಡಲಿ ಬೆಳೆಯುವವ ನಾನು. ಕಲಿತದ್ದು ಏಳನೇ ಇಯತ್ತೆ. ಗ್ಯಾಸಿನ ಬಗ್ಗೆ ಬರೆಯುವಷ್ಟು ಶಾಣ್ಯಾ ಅಲ್ಲ. ಆದರ ನಮ್ಮ ಮನಿಯಲ್ಲಿ ಆದದ್ದು ನಿಮ್ಮಲ್ಲಿ ಆಗಬಾರದೆಂದು ಈ ನಾಲ್ಕು ಮಾತು.

ಹಿಂಗಾರಿ ರಾಶಿ ಮುಗಿದ ಮೇಲೆ ಜೋಳದ ಚೀಲಕ್ಕೆ ಜಾಗ ಸಾಲಲಿಲ್ಲ. ನಾಲ್ಕು ಚೀಲ ಅಡುಗೆಮನೆಯಲ್ಲೇ ಒಟ್ಟಿದೆವು. ಚೀಲದ ಬೆನ್ನಿಗೇ ಇಲಿ ಬಂದವು. ಒಂದು ದಿನ ನಸುಕಿನಲ್ಲಿ ಮನೆಯಾಕೆ ಒಳಗೆ ಕಾಲಿಟ್ಟವಳೇ, "ಕೊಳತ ಉಳ್ಳಾಗಡ್ಡಿ ವಾಸನಿ ಬರಾಕತ್ತೈತ್ರಿ" ಎಂದಳು. ನಾನು ದೀಪದ ಬಟನ್ನಿಗೆ ಕೈ ಚಾಚಿದೆ. ಆಕೆ ಕೈ ಹಿಡಿದು ಜಗ್ಗಿದಳು. ಅದಕ್ಕೇ ಇವತ್ತು ಇದನ್ನು ಬರೆಯಲು ನಾನಿದ್ದೇನೆ.

ಬಾಗಿಲು, ಕಿಟಕಿ ತೆರೆದು, ಕತ್ತಲಲ್ಲೇ ರೆಗ್ಯುಲೇಟರ್ ಬಂದ್ ಮಾಡಿ, ಮಕ್ಕಳನ್ನು ಎಬ್ಬಿಸಿಕೊಂಡು ಅಂಗಳಕ್ಕೆ ಬಂದೆವು. ಬೆಳಕು ಹರಿದ ಮೇಲೆ ನೋಡಿದರೆ ಪೈಪಿಗೆ ಇಲಿ ಹಲ್ಲು ಹಾಕಿತ್ತು. ಅದು ನಾನು ರೊಕ್ಕ ಉಳಿಸಲು ಸಂತೆಯಲ್ಲಿ ತಂದ ಸಾದಾ ರಬ್ಬರ್ ಪೈಪು. ರಾತ್ರಿ ಒಲಿಯ ಗುಂಡಿ ಮಾತ್ರ ತಿರುವಿ ಮಲಗಿದ್ದೆವು. ರೆಗ್ಯುಲೇಟರ್ ಚಾಲೂ ಇದ್ದರೆ ಪೈಪಿನ ತುಂಬ ಗ್ಯಾಸ್ ನಿಂತೇ ಇರುತ್ತದೆ. ತಪ್ಪು ನಂದೇ.

ಗ್ಯಾಸ್ ಕೆಳಗೆ ಹರಿಯುತ್ತದೆ

ಒಲಿಯ ಹೊಗಿ ಮ್ಯಾಲೆ ಹೋಗಿ ಬೆಳಕಿಂಡಿಯಿಂದ ಪಾರಾಗುತ್ತದೆ. ಸಿಲಿಂಡರಿನ ಗ್ಯಾಸು ಹಾಗಲ್ಲ. ಇದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಕಡೆಯ ಮಾಳಿಗಿ ಮನಿಗಳಿಗೆ ಬೆಳಕಿಂಡಿ ಇದೆಯೆಂದು ನಿಶ್ಚಿಂತಿಯಿಂದ ಇರುವಂತಿಲ್ಲ. ನೆಲದ ಮಟ್ಟದಲ್ಲಿ ಗಾಳಿ ಹೋಗಲು ಕಿಂಡಿ ಬೇಕು. ಹಗೇವಿನ ಬಾಯಿಯ ಹತ್ತಿರ, ತಗ್ಗಿನಲ್ಲಿ ಸಿಲಿಂಡರ್ ಇಡಬಾರದು.

ಗೋಬರ್ ಗ್ಯಾಸು ಗಾಳಿಗಿಂತ ಹಗುರ, ಅದರ ಒತ್ತಡವೂ ಕಡಿಮಿ. ಅದಕ್ಕೇ ಅದರ ಒಲಿಯ ತೂತು ದೊಡ್ಡದು. ಆ ಒಲಿಗೆ ಸಿಲಿಂಡರ್ ಜೋಡಿಸುವ ಹುಚ್ಚಾಟ ಬೇಡ.

ಗ್ಯಾಸಿಗೆ ತನ್ನದೇ ವಾಸನಿ ಇಲ್ಲ. ಸೋರಿದ್ದು ತಿಳಿಯಲೆಂದೇ ನಾತ ಬೆರೆಸಿರುತ್ತಾರೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಕೂಡಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಟನ್ ಒತ್ತಿದಾಗ ಆ ಕಿಡಿ ಹುಟ್ಟುತ್ತದೆ, ಆರಿಸಿದಾಗಲೂ ಹುಟ್ಟುತ್ತದೆ. ವಾಸನಿ ಬಂದರೆ ಯಾವ ಬಟನ್ನೂ ಮುಟ್ಟದೆ, ದೇವರ ದೀಪವನ್ನೂ ಹಚ್ಚದೆ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿರಿ. ಅದು ಹಗಲು-ರಾತ್ರಿ ನಡೆಯುವ ನಂಬರು.

ಸಿಲಿಂಡರ್ ಇಳಿಸಿಕೊಳ್ಳುವಾಗ

ಬೀಜದ ಚೀಲ ತೂಗಿ ತರುವ ನಾವು ಸಿಲಿಂಡರನ್ನು ತೂಗುವುದಿಲ್ಲ. ಖಾಲಿ ಸಿಲಿಂಡರಿನ ತೂಕ ಅದರ ಕೊರಳಲ್ಲೇ ಬರೆದಿರುತ್ತದೆ. ಅದಕ್ಕೆ 14.2 ಕಿಲೋ ಕೂಡಿಸಿರಿ, ಅಷ್ಟು ತೂಗಬೇಕು. ಅಲ್ಲೇ ಒಂದು ಅಕ್ಷರ, ಒಂದು ಇಸವಿ ಇರುತ್ತವೆ. 'ಎ' ಅಂದರೆ ಮಾರ್ಚ್, 'ಬಿ' ಜೂನ್, 'ಸಿ' ಸಪ್ಟೆಂಬರ್, 'ಡಿ' ಡಿಸೆಂಬರ್. ಆ ತಿಂಗಳು ಮುಗಿಯುವುದರೊಳಗೆ ಸಿಲಿಂಡರಿನ ಮುಂದಿನ ಪರೀಕ್ಷೆ ಆಗಬೇಕು. ಅವಧಿ ಮೀರಿದ್ದರೆ ತಿರುಗಿ ಕೊಡಿರಿ.

ಸೀಲು ತೆಗೆದ ಮೇಲೆ ಬಾಯಿಯೊಳಗಿನ ರಬ್ಬರ್ ಬಳೆ ಇದೆಯೋ ನೋಡಿರಿ. ರೆಗ್ಯುಲೇಟರ್ ಕೂಡಿಸಿ, ಸಂದಿಗೆ ಸಾಬೂನಿನ ನೀರು ಹಚ್ಚಿರಿ. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ನೋಡುವ ಧೈರ್ಯ ಬೇಡ. ಸಿಲಿಂಡರನ್ನು ನೆಟ್ಟಗೇ ನಿಲ್ಲಿಸಬೇಕು, ಮುಗಿಯುತ್ತ ಬಂತೆಂದು ಅಡ್ಡ ಮಲಗಿಸಬಾರದು. ಒಲಿ ಸಿಲಿಂಡರಿಗಿಂತ ಎತ್ತರದ ಕಟ್ಟೆಯ ಮೇಲಿರಲಿ. ಪೈಪು ಐಎಸ್ಐ ಗುರುತಿನ, ಒಳಗೆ ತಂತಿ ಇರುವ ಕಿತ್ತಳೆ ಬಣ್ಣದ್ದೇ ಆಗಲಿ. ಐದು ವರ್ಷಕ್ಕೆ ಬದಲಿಸಿರಿ, ಸೀಳು ಕಂಡರೆ ಅದಕ್ಕೂ ಮೊದಲೇ.

ಗ್ಯಾಸ್ ಉಳಿಯುವುದು ಎಲ್ಲಿ?

ಉರಿ ನೀಲಿ ಇದ್ದರೆ ಗ್ಯಾಸ್ ಪೂರಾ ಉರಿಯುತ್ತಿದೆ. ಹಳದಿ ಆಗಿ ಬೋಗುಣಿ ತಳ ಕಪ್ಪಾದರೆ ಬರ್ನರಿನ ತೂತು ಕಟ್ಟಿದೆ ಎಂದು ತಿಳಿಯಿರಿ. ಆರಿದ ಮೇಲೆ ತೆಗೆದು, ಬ್ರಶ್ಶಿನಿಂದ ತಿಕ್ಕಿ, ಒಣಗಿಸಿ ಹಾಕಿರಿ.

ಉರಿ ಬೋಗುಣಿಯ ತಳದೊಳಗೇ ಇರಲಿ. ಪಕ್ಕಕ್ಕೆ ಚಾಚಿದ ಉರಿ ಗಾಳಿಗೆ ಕೊಟ್ಟ ದಾನ. ನೀರು ಒಮ್ಮೆ ಕುದಿ ಹತ್ತಿದ ಮೇಲೆ ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿ ಆಗುವುದಿಲ್ಲ, ಬರೀ ಉಗಿಯಾಗಿ ಹೋಗುತ್ತದೆ. ಕುದಿ ಬಂದೊಡನೆ ಉರಿ ಸಣ್ಣ ಮಾಡಿರಿ, ಮುಚ್ಚಳ ಮುಚ್ಚಿರಿ. ತೊಗರಿಬ್ಯಾಳಿ, ಮಡಕಿಕಾಳು ಮೊದಲೇ ನೆನೆಹಾಕಿರಿ. ಕುಕ್ಕರಿನಲ್ಲಿ ಉಗಿಯ ಒತ್ತಡಕ್ಕೆ ನೀರು ಇನ್ನೂ ಹೆಚ್ಚು ಬಿಸಿಯಾಗುವುದರಿಂದ ಬ್ಯಾಳಿ ಬೇಗ ಬೇಯುತ್ತದೆ. ರೊಟ್ಟಿ ಬಡಿಯುವಾಗ ಹಿಟ್ಟು ಪೂರಾ ನಾದಿ ಇಟ್ಟುಕೊಂಡೇ ಹಂಚು ಕಾಯಲಿಡಿರಿ, ಖಾಲಿ ಹಂಚು ಉರಿಯಬಾರದು.

ನಮ್ಮಲ್ಲಿ ಸ್ನಾನದ ನೀರಿಗೆ ಹಿತ್ತಲದ ಒಲಿ, ತೊಗರಿಕಟಗಿ. ಸಿಲಿಂಡರ್ ಹಚ್ಚಿದ ತಾರೀಖನ್ನು ಮನೆಯಾಕೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಈಗ ಒಂದು ಸಿಲಿಂಡರು ಮೊದಲಿಗಿಂತ ಎಂಟು-ಹತ್ತು ದಿನ ಹೆಚ್ಚು ಬರುತ್ತದೆ.

ಜೋಳದ ಚೀಲ ಈಗ ಪಡಸಾಲಿಗೆ ಬಂದಿವೆ. ಬಂದವರು ಅವುಗಳ ಮೇಲೇ ಕೂಡುತ್ತಾರೆ. ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಆಗಿದೆಯೋ ಎಂದು ಎದ್ದು ನೋಡುವ ಕೆಲಸ ನಂದು.